ಅಣಕು ಕಾರ್ಯಾಚರಣೆ ಮುಗಿಯಿತು. ನಿಜವಾದ ರೋಗಿ ಯಾವ ಬಾಗಿಲಿನಿಂದ ಬರುತ್ತಾನೆ?

ಹೊಳೆಸಾಲು (ಚರ್ಚೆ ಆರಂಭಿಸಿದವರು)

ನಮ್ಮದು ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆ. ನಾನು ಅಲ್ಲಿ ಫಿಜಿಷಿಯನ್. ಕಳೆದ ತಿಂಗಳು ಮೇಲಿನವರ ಆದೇಶದಂತೆ ಸಾಂಕ್ರಾಮಿಕ ರೋಗ ಎದುರಿಸುವ ಅಣಕು ಕಾರ್ಯಾಚರಣೆ ನಡೆಸಿದೆವು. ಬೆಳಗ್ಗೆ ಹನ್ನೊಂದಕ್ಕೆ 108 ಆಂಬುಲೆನ್ಸ್ ಬರುವುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹತ್ತೂಮುಕ್ಕಾಲಿಗೇ ಇಬ್ಬರು ಸಿಸ್ಟರ್‌ಗಳು ಪಿಪಿಇ ಕಿಟ್ ತೊಟ್ಟು ಪೋರ್ಟಿಕೋದಲ್ಲಿ ನಿಂತಿದ್ದರು. ಎರಡು ವರ್ಷದಿಂದ ಬೀಗ ಬಿದ್ದಿದ್ದ ಐಸೊಲೇಷನ್ ಕೊಠಡಿಯನ್ನು ಹಿಂದಿನ ದಿನವೇ ತೊಳೆಸಿಡಲಾಗಿತ್ತು. ರೋಗಿಯ ಪಾತ್ರ ವಹಿಸಿದ್ದ ನಮ್ಮ ಫಾರ್ಮಸಿಯ ಹುಡುಗ ನಗು ತಡೆದುಕೊಂಡು ಸ್ಟ್ರೆಚರ್ ಮೇಲೆ ಮಲಗಿದ್ದ. ನಲವತ್ತು ನಿಮಿಷದಲ್ಲಿ ಎಲ್ಲವೂ ಮುಗಿದು, ಫೋಟೋಗಳು ಜಿಲ್ಲಾ ಕಚೇರಿಯ ವಾಟ್ಸಾಪ್ ಗುಂಪಿಗೆ ಹೋದವು.

ಆಮೇಲೆ ಚಹಾ ಕುಡಿಯುವಾಗ ಡಿ ಗ್ರೂಪಿನ ಹಿರಿಯ ಹೆಂಗಸೊಬ್ಬರು, "ಡಾಕ್ಟ್ರೇ, ನಿಜವಾದ ರೋಗಿನೂ ಹೀಗೇ ಹೇಳಿ ಕಳಿಸಿ ಬರ್ತಾನಾ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ನಿಜವಾದ ರೋಗಿ ಸಂತೆಯ ದಿನ ಆಟೋದಲ್ಲಿ ಬರುತ್ತಾನೆ, ಹೊರರೋಗಿ ವಿಭಾಗದ ಚೀಟಿ ಸಾಲಿನಲ್ಲಿ ಮುಂದಿನವನ ಹೆಗಲಿಗೆ ತಾಗಿಕೊಂಡು ಒಂದು ಗಂಟೆ ನಿಲ್ಲುತ್ತಾನೆ, ಅನಂತರ ನನ್ನ ಕೊಠಡಿಯ ಮುಂದಿನ ಬೆಂಚಿನ ಮೇಲೆ ಬಾಣಂತಿಯ ಪಕ್ಕದಲ್ಲಿ ಕೂತು ಕೆಮ್ಮುತ್ತಾನೆ. ಅವನಿಗೆ ಇಂಥದೇ ರೋಗವಿದೆಯೆಂದು ಹಣೆಯ ಮೇಲೆ ಬರೆದಿರುವುದಿಲ್ಲ.

ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಸದ್ಯಕ್ಕೆ ಬರುವುದಿಲ್ಲ ಎಂದು ಇಟ್ಟುಕೊಳ್ಳಿ. ಆರೋಗ್ಯ ರಕ್ಷಾ ಸಮಿತಿಯ ಖಾತೆಯಲ್ಲಿರುವ ಅಲ್ಪಸ್ವಲ್ಪ ಹಣದಲ್ಲಿ, ಈಗಿರುವ ಜನರನ್ನೇ ಇಟ್ಟುಕೊಂಡು, ನಮ್ಮಂಥ ಆಸ್ಪತ್ರೆ ನಿಜಕ್ಕೂ ಏನನ್ನು ಸಿದ್ಧಮಾಡಿಕೊಳ್ಳಬೇಕು? ಅನುಭವವಿರುವವರು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.


ಚಂದ್ರಗಿರಿ ದಡ

ಡಾಕ್ಟರೇ, ಆ ಹೆಂಗಸಿನ ಪ್ರಶ್ನೆಗೆ 2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಉತ್ತರ ಕೊಟ್ಟಿದೆ. ನಾನು ಕಾಸರಗೋಡಿನವನು, ಆಗ ಕಲ್ಲಿಕೋಟೆಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞನಾಗಿದ್ದೆ. ನಿಪಾ ರೋಗಿಗಳನ್ನು ನಾನು ಕಣ್ಣಾರೆ ಕಂಡವನಲ್ಲ, ಆದರೆ ಆ ದಿನಗಳಲ್ಲಿ ರಕ್ತದ ಮಾದರಿಯ ಟ್ಯೂಬ್ ಮುಟ್ಟುವಾಗ ಕೈ ಹೇಗಿರುತ್ತಿತ್ತು ಎಂಬುದು ಗೊತ್ತು.

ಮೊದಲ ರೋಗಿ ಪೇರಾಂಬ್ರ ಕಡೆಯ ಯುವಕ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿಗೆ ಬಂದು, ಮೇ 5ರಂದು ತೀರಿಕೊಂಡ. ಅವನಿಗಿದ್ದದ್ದು ನಿಪಾ ಎಂದು ಆಗ ಯಾರಿಗೂ ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ. ದಕ್ಷಿಣ ಭಾರತದಲ್ಲಿ ಆ ರೋಗ ಅದಕ್ಕೆ ಮೊದಲು ಕಂಡಿರಲೇ ಇಲ್ಲ. ಅವನನ್ನು ಸಿ.ಟಿ. ಸ್ಕ್ಯಾನ್‌ಗೆ ಕರೆದೊಯ್ದಾಗ ಆ ವಿಭಾಗದ ಕಾರಿಡಾರಿನಲ್ಲಿ ಬೇರೆ ರೋಗಿಗಳೂ ಅವರ ಜೊತೆಯವರೂ ಇದ್ದರು. ಮುಂದೆ ಯಾರಿಗೆ ಎಲ್ಲಿ ತಗುಲಿತು ಎಂದು ಕೂತು ಎಳೆ ಬಿಡಿಸಿದಾಗ ಹಲವು ಎಳೆಗಳು ಹೋಗಿ ಸೇರಿದ್ದು ಆ ಕಾರಿಡಾರಿಗೇ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಅವನ ಆರೈಕೆ ಮಾಡಿದ್ದ ದಾದಿ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು. ಪ್ರಯೋಗಾಲಯದಲ್ಲಿ ದೃಢಪಟ್ಟ 18 ಮಂದಿಯಲ್ಲಿ ಬದುಕುಳಿದವರು ಇಬ್ಬರೇ.

ರೋಗ ಪತ್ತೆಯಾದ ಬಗೆಯನ್ನೂ ಗಮನಿಸಬೇಕು. ಮೃತನ ಅಣ್ಣ ಅವೇ ಲಕ್ಷಣಗಳೊಂದಿಗೆ ಮೇ 17ರಂದು ಖಾಸಗಿ ಆಸ್ಪತ್ರೆಗೆ ಬಂದಾಗ, "ಒಂದೇ ಮನೆಯಲ್ಲಿ ಎರಡನೆಯ ಮಿದುಳು ಜ್ವರ ಹೇಗೆ ಬಂತು" ಎಂಬ ಪ್ರಶ್ನೆ ಅಲ್ಲಿನ ವೈದ್ಯರಿಗೆ ಹುಟ್ಟಿತು. ಮಾದರಿಗಳು ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಹೋದವು. ಅಲ್ಲಿ ನಿಪಾ ಎಂದು ಗೊತ್ತಾಗಿ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಅಣ್ಣ ಬಂದು ಮೂರು ನಾಲ್ಕು ದಿನಗಳಲ್ಲಿ ಇಷ್ಟೆಲ್ಲ ನಡೆದದ್ದರಿಂದಲೇ ಹಬ್ಬುವಿಕೆ ನಿಂತಿತು. 2001ರಲ್ಲಿ ಸಿಲಿಗುರಿಯಲ್ಲಿ 66 ಮಂದಿಗೆ ಇದೇ ರೋಗ ಬಂದಿತ್ತು. ಅಲ್ಲೂ ಬಹುಪಾಲು ಜನಕ್ಕೆ ತಗುಲಿದ್ದು ಆಸ್ಪತ್ರೆಗಳೊಳಗೆ, ಆದರೆ ಅದು ನಿಪಾ ಎಂದು ಲೋಕಕ್ಕೆ ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿದ್ದವು.

ಅಂದರೆ ರೋಗ ದಾಟಿದ್ದು ಯಾರೂ ಅಪಾಯದ ಜಾಗವೆಂದು ಭಾವಿಸದ ಕಡೆ. ಐಸೊಲೇಷನ್ ಕೊಠಡಿಯ ಬೀಗ ತೆಗೆಯುವುದು ರೋಗದ ಹೆಸರು ಗೊತ್ತಾದ ಮೇಲೆ. ಹೆಸರು ಗೊತ್ತಾಗುವ ಮೊದಲಿನ ದಿನಗಳ ಸಿದ್ಧತೆ ನಿಮ್ಮ ಬೆಂಚು, ನಿಮ್ಮ ಎಕ್ಸ್-ರೇ ಕೋಣೆಯ ಬಾಗಿಲು, ನಿಮ್ಮ ಸಾಮಾನ್ಯ ವಾರ್ಡುಗಳಲ್ಲಿ ಇರಬೇಕಾಗುತ್ತದೆ.


ತಕ್ಕಡಿ

ನಿಪಾ ಕಥೆ ರೋಮಾಂಚಕಾರಿ; ಆದ್ದರಿಂದಲೇ ಎಲ್ಲ ತರಬೇತಿಗಳಲ್ಲೂ ಅದೇ ಬರುತ್ತದೆ. ನಾನು ಇಪ್ಪತ್ತು ವರ್ಷ ಜಿಲ್ಲಾ ಮಟ್ಟದ ರೋಗ ಕಣ್ಗಾವಲು ಕೆಲಸ ಮಾಡಿದವನು. ತಾಲ್ಲೂಕು ಆಸ್ಪತ್ರೆಗೆ ನಿಪಾ ಬರುವ ಸಂಭವ ಎಷ್ಟು, ಡೆಂಗಿ ಬರುವ ಸಂಭವ ಎಷ್ಟು ಎಂದು ಮೊದಲು ತೂಗಿ ನೋಡಬೇಕು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕಾಯಿತು. ಆ ಮಳೆಗಾಲದಲ್ಲಿ ಯಾವ ಆಸ್ಪತ್ರೆಗೂ ಪಿಪಿಇ ಕಿಟ್ ಕೊರತೆಯಾಗಲಿಲ್ಲ. ಕೊರತೆಯಾದದ್ದು ಹಾಸಿಗೆ, ಮತ್ತು ನಾಲ್ಕು ಗಂಟೆಗೊಮ್ಮೆ ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ನೋಡಿ ಬರೆಯುವ ಕೈಗಳು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದನ್ನು ರೋಗಿಯ ಮನೆಯವರಿಗೆ ಹೇಳಿ ನಂಬಿಸುವುದೇ ಒಂದು ದೊಡ್ಡ ಕೆಲಸ.

ಇನ್ನೊಂದು ಮಾತು. ಡೆಂಗಿ ರೋಗಿಯನ್ನು ಮೊದಲ ದಿನಗಳಲ್ಲಿ ಕಚ್ಚಿದ ಸೊಳ್ಳೆ ಪಕ್ಕದ ಹಾಸಿಗೆಯವನಿಗೂ ರೋಗ ಕೊಡಬಲ್ಲದು. ನಾನು ಭೇಟಿ ಕೊಟ್ಟ ಆಸ್ಪತ್ರೆಗಳಲ್ಲಿ ಡೆಂಗಿ ವಾರ್ಡಿಗೆ ಸೊಳ್ಳೆಪರದೆ ಇರುವುದು ಅಪರೂಪ. ಪರದೆ ಕಟ್ಟಲು ಕೋಲು ಇರುವುದು ಇನ್ನೂ ಅಪರೂಪ. ಒಮ್ಮೆ ಒಂದು ಆಸ್ಪತ್ರೆಯ ತಾರಸಿ ಹತ್ತಿ ನೋಡಿದರೆ, ಮುಚ್ಚಳ ಹಾರಿಹೋಗಿದ್ದ ಸಿಂಟೆಕ್ಸ್ ಟ್ಯಾಂಕಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಕೆಳಗಿನ ಗೋಡೆಯ ಮೇಲೆ "ನೀರು ನಿಲ್ಲಲು ಬಿಡಬೇಡಿ" ಎಂಬ ಪೋಸ್ಟರ್ ಇತ್ತು.

ಹಾಗೆಯೇ ದಡಾರ. ದಡಾರದ ಮಗು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ಕ್ಷಯದ ಮಾತು ಬಿಡಿ, ಅದು ನಮ್ಮ ಬೆಂಚಿನ ಮೇಲೆ ದಿನವೂ ಕೂರುತ್ತದೆ. ಸಿದ್ಧತೆ ಮಾಡುವುದಾದರೆ ಇವುಗಳಿಗೆ ಮಾಡಿ.


ಚಂದ್ರಗಿರಿ ದಡ

ತಕ್ಕಡಿಯವರೇ, ನಿಮ್ಮ ತೂಕ ಸರಿ. ಆದರೆ ಕೆಮ್ಮುವವನಿಗೆ ಬಾಗಿಲಲ್ಲೇ ಮಾಸ್ಕ್ ಕೊಟ್ಟು ಬೇರೆ ಬೆಂಚಿಗೆ ಕಳಿಸುವ ರೂಢಿ ಕ್ಷಯಕ್ಕೂ ದಡಾರಕ್ಕೂ ನಿಪಾಕ್ಕೂ ಒಂದೇ ಅಲ್ಲವೇ? ಇನ್ನು ಸಂಭವದ ಮಾತು: 2024ರ ಸೆಪ್ಟೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನಿಪಾದಿಂದ ತೀರಿಕೊಂಡ ಯುವಕ ಬೆಂಗಳೂರಿನಲ್ಲಿ ಓದುತ್ತಿದ್ದವನು. ಬೆಂಗಳೂರಿನಲ್ಲಿದ್ದ ಅವನ ಒಡನಾಡಿಗಳನ್ನು ಹುಡುಕಿ ನಿಗಾದಲ್ಲಿ ಇಡಬೇಕಾಯಿತು.


ಬಿಳಿ ಏಪ್ರನ್

ನಾನು ಸೋಂಕು ನಿಯಂತ್ರಣ ದಾದಿಯಾಗಿ ಹದಿನಾರು ವರ್ಷ ಕೆಲಸ ಮಾಡಿ ಈಗ ಶುಶ್ರೂಷಾ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದೇನೆ. ಹೊಳೆಸಾಲು ಡಾಕ್ಟರ ಪ್ರಶ್ನೆ ದುಡ್ಡಿಲ್ಲದ ಸಿದ್ಧತೆಯ ಬಗ್ಗೆ; ಆದ್ದರಿಂದ ದುಡ್ಡು ಬೇಡದ ಎರಡು ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಮೊದಲನೆಯದು ಪಿಪಿಇ ಕಳಚುವುದು. ತೊಡುವುದನ್ನು ಎಲ್ಲರೂ ಕಲಿಸುತ್ತಾರೆ, ಫೋಟೋ ಕೂಡ ಅದರದ್ದೇ. ಸೋಂಕು ಮೈಗೆ ಹತ್ತುವುದು ಹೆಚ್ಚಾಗಿ ಕಳಚುವಾಗ, ಅದೂ ಆರು ಗಂಟೆ ಬೆವರಿ, ಬಾಯಾರಿ, ಮೂಗಿನ ಮೇಲಿನ ಗಾಯ ಉರಿಯುತ್ತ, ಯಾವಾಗ ಇದನ್ನು ಕಿತ್ತೆಸೆಯುವೆನೋ ಎಂಬ ಆತುರದಲ್ಲಿರುವಾಗ. ನಾನು ಮಾಡಿಸುವ ಅಭ್ಯಾಸ ಸರಳ. ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಕಿಟ್ ತೊಟ್ಟವರ ಗ್ಲೌಸಿಗೂ ಎದೆಯ ಭಾಗಕ್ಕೂ ಧಾರಾಳವಾಗಿ ಬಳಿಯುತ್ತೇನೆ. ಆಮೇಲೆ ನಿಧಾನವಾಗಿ ಕಳಚಿ ಎನ್ನುತ್ತೇನೆ. ಎಲ್ಲ ಮುಗಿದ ಮೇಲೆ ಕನ್ನಡಿ ಕೊಟ್ಟರೆ ಕಿವಿಯ ಹಿಂದೆ, ಕತ್ತಿನ ಬದಿಯಲ್ಲಿ, ಕನ್ನಡಕದ ಕಾಲಿನ ಮೇಲೆ, ಮುಂಗೈ ಮಣಿಕಟ್ಟಿನಲ್ಲಿ ಕೆಂಪು ಕಾಣುತ್ತದೆ. ಒಂದು ಸಲ ಹಿರಿಯ ವೈದ್ಯರೊಬ್ಬರ ತುಟಿಯ ಮೇಲೇ ಇತ್ತು. ಮಾಸ್ಕಿನ ಮುಂಭಾಗವನ್ನು ಹಿಡಿದೆಳೆದಿದ್ದರು. ಎರಡನೆಯ ಸುತ್ತಿಗೆ ಎಲ್ಲರೂ ತಾವಾಗಿಯೇ ಸಾವಕಾಶ ಕಲಿಯುತ್ತಾರೆ. ಪ್ರತಿ ಹಂತಕ್ಕೂ ಕೈ ಶುಚಿ, ಮಾಸ್ಕ್ ಕಟ್ಟಕಡೆಗೆ, ಅದೂ ಕೋಣೆಯಿಂದ ಹೊರಬಂದ ಮೇಲೆ, ಹಿಂದಿನ ದಾರದಿಂದ. ಎದುರಿಗೆ ಒಬ್ಬರು ನಿಂತು ಒಂದೊಂದೇ ಹೆಜ್ಜೆಯನ್ನು ಬಾಯಿಬಿಟ್ಟು ಹೇಳಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರೇ ಸಿಸ್ಟರ್‌ಗಳಿದ್ದರೆ ಆ ಎದುರಿಗೆ ನಿಲ್ಲುವ ಕೆಲಸವನ್ನು ಕಾವಲುಗಾರನಿಗೂ ಕಲಿಸಬಹುದು. ನಾನು ಕಲಿಸಿದ್ದೇನೆ, ಅವನು ನಮ್ಮೆಲ್ಲರಿಗಿಂತ ಕಟ್ಟುನಿಟ್ಟಾಗಿದ್ದ.

ಎರಡನೆಯದು ಸೋಂಕು ನಿವಾರಕ ಹೈಪೋಕ್ಲೋರೈಟ್. ಸ್ಟೋರಿನಿಂದ ಬರುವುದು ಸಾಮಾನ್ಯವಾಗಿ ಶೇ 5ರ ದ್ರಾವಣ. ರಕ್ತ ಚೆಲ್ಲಿದ ಜಾಗಕ್ಕೆ ಬೇಕಾದ ಶೇ 1 ಮಾಡಲು ಒಂದು ಪಾಲಿಗೆ ನಾಲ್ಕು ಪಾಲು ನೀರು. ಲೆಕ್ಕ ಇಷ್ಟೇ. ಆದರೆ ಕ್ಯಾನುಗಳನ್ನು ತಾರಸಿಯ ಮೆಟ್ಟಿಲ ಕೆಳಗೆ, ಮಧ್ಯಾಹ್ನದ ಬಿಸಿಲು ಬೀಳುವಲ್ಲಿ ಪೇರಿಸಿಟ್ಟಿದ್ದರೆ ಅದರೊಳಗಿನ ಕ್ಲೋರಿನ್ ಎಂದೋ ಹಾರಿಹೋಗಿರುತ್ತದೆ, ನೀವು ಬರೀ ಉಪ್ಪುನೀರಿನಲ್ಲಿ ನೆಲ ಒರೆಸುತ್ತಿರುತ್ತೀರಿ. ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದು. ಬಕೆಟ್ಟಿನ ಮೇಲೆ ಬೆರೆಸಿದ ಸಮಯ ಬರೆದು ಅಂಟಿಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗೆ ಅದನ್ನು ಯಾವ ಕಾರಣಕ್ಕೂ ಬೆರೆಸಕೂಡದು, ವಿಷಗಾಳಿ ಏಳುತ್ತದೆ. ನಮ್ಮಲ್ಲಿ ಫಿನಾಯಿಲ್ ವಾಸನೆ ಬಂದರೆ ಶುದ್ಧವಾಯಿತೆಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಪರಿಶೀಲನೆಗೆ ಬರುವ ಅಧಿಕಾರಿಗಳೂ ಮೂಗಿನಿಂದಲೇ ಪರಿಶೀಲಿಸುತ್ತಾರೆ.

ನಿಮಗೆ ಪ್ರಶ್ನೆ ಕೇಳಿದ ಆ ಹಿರಿಯ ಹೆಂಗಸನ್ನು ತರಬೇತಿಯ ಮೊದಲ ಸಾಲಿನಲ್ಲಿ ಕೂರಿಸಿ ಡಾಕ್ಟರೇ. ಚೆಲ್ಲಿದ್ದನ್ನು ಒರೆಸುವವರು ಅವರು, ಸೋಂಕಿನ ತ್ಯಾಜ್ಯದ ಹಳದಿ ಚೀಲ ಹೊರುವವರೂ ಅವರು. ಹೊರಗುತ್ತಿಗೆಯವರಿಗೆ ಹೆಪಟೈಟಿಸ್-ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂದು ಒಮ್ಮೆ ಕೇಳಿ ನೋಡಿ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಈ ಪ್ರಶ್ನೆ ಕೇಳಿದ್ದಕ್ಕೆ "ಅವರು ಏಜೆನ್ಸಿಯವರು" ಎಂಬ ಉತ್ತರ ಬಂತು.


ಹೊಳೆಸಾಲು

ಸಿಸ್ಟರ್, ಕುಂಕುಮದ ಉಪಾಯವನ್ನು ಈ ವಾರವೇ ಮಾಡಿಸುತ್ತೇನೆ. ಆದರೆ ನನ್ನ ದೊಡ್ಡ ಚಿಂತೆ ರೋಗಿಯ ಜೊತೆಗಿರುವವರದ್ದು. ಒಬ್ಬ ರೋಗಿಗೆ ಮೂವರು ಬರುತ್ತಾರೆ, ಹಾಸಿಗೆಯ ಕೆಳಗೆ ಚಾಪೆ ಹಾಸಿ ಮಲಗುತ್ತಾರೆ. ಹೊರಗೆ ಕಳಿಸೋಣವೆಂದರೆ, ನಲವತ್ತು ಹಾಸಿಗೆಗೆ ರಾತ್ರಿ ಒಬ್ಬರೇ ಸ್ಟಾಫ್ ನರ್ಸ್ ಇರುವಾಗ ಗ್ಲೂಕೋಸ್ ಬಾಟಲಿ ಖಾಲಿಯಾಯಿತೆಂದು ಕೂಗಿ ಹೇಳುವವರು ಅವರೇ, ರೋಗಿಯನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋಗುವವರೂ ಅವರೇ. ಅವರಿಲ್ಲದೆ ನಮ್ಮ ವಾರ್ಡು ನಡೆಯುವುದಿಲ್ಲ ಎಂಬುದನ್ನು ಯಾವ ಮಾರ್ಗಸೂಚಿಯೂ ಒಪ್ಪಿಕೊಳ್ಳುವುದಿಲ್ಲ.


ಗಾಜಿನ ತುಣುಕು

ಸೂಕ್ಷ್ಮಜೀವಿಶಾಸ್ತ್ರ ವಿಭಾಗದಿಂದ ಬರೆಯುತ್ತಿದ್ದೇನೆ. ಜೊತೆಗಿರುವವರ ಸಮಸ್ಯೆ ನಮ್ಮದೊಂದೇ ಅಲ್ಲ ಡಾಕ್ಟರೇ. ದಕ್ಷಿಣ ಕೊರಿಯಾದಲ್ಲೂ ಮನೆಯವರೇ ಆಸ್ಪತ್ರೆಯಲ್ಲಿದ್ದು ಆರೈಕೆ ಮಾಡುವ ರೂಢಿಯಿದೆ. 2015ರಲ್ಲಿ ಅಲ್ಲಿಗೆ ಮರ್ಸ್ ಎಂಬ ಉಸಿರಾಟದ ವೈರಾಣು ರೋಗ ಬಂದಾಗ ಒಟ್ಟು 186 ಮಂದಿಗೆ ತಗುಲಿ 38 ಮಂದಿ ತೀರಿಕೊಂಡರು. ಹೆಚ್ಚುಕಡಿಮೆ ಎಲ್ಲವೂ ಆಸ್ಪತ್ರೆಗಳೊಳಗೇ ಹರಡಿದ್ದು. ಸೋಲ್ ನಗರದ ದೊಡ್ಡ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಒಬ್ಬನೇ ರೋಗಿಯಿಂದ ಮೂರು ದಿನಗಳಲ್ಲಿ 82 ಮಂದಿಗೆ ರೋಗ ದಾಟಿತು. ಅವರಲ್ಲಿ ಆಸ್ಪತ್ರೆಯ ಸಿಬ್ಬಂದಿ 8 ಮಂದಿ, ಇತರ ರೋಗಿಗಳು 33, ಜೊತೆಗಿದ್ದವರು ಮತ್ತು ನೋಡಲು ಬಂದವರು 41. ನಮ್ಮ ಕಿಟ್ಟುಗಳೆಲ್ಲ ಆ 8 ಮಂದಿಯನ್ನು ಕಾಯಲು ಇರುವಂಥವು.

ಹಾಗೆಂದು ಅವರನ್ನು ಓಡಿಸಲಾಗದು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಅವರನ್ನು ಎಣಿಸಬಹುದು. ಒಬ್ಬ ರೋಗಿಗೆ ಒಬ್ಬರೇ, ದಿನವೂ ಅದೇ ವ್ಯಕ್ತಿ, ಹೆಸರು ಮತ್ತು ಫೋನ್ ನಂಬರು ವಾರ್ಡಿನ ಪುಸ್ತಕದಲ್ಲಿ. ಕಲ್ಲಿಕೋಟೆಯಲ್ಲಿ 2018ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸಂಪರ್ಕದವರೆಂದು ಪಟ್ಟಿಮಾಡಿ ಹಿಂಬಾಲಿಸಬೇಕಾಯಿತು. ಯಾವ ದಿನ, ಯಾವ ಹೊತ್ತಿಗೆ, ಯಾವ ವಾರ್ಡಿನಲ್ಲಿ ಯಾರಿದ್ದರು ಎಂಬುದು ದಾಖಲಾಗಿಲ್ಲದಿದ್ದರೆ ಆ ಪಟ್ಟಿಯನ್ನು ಜನರ ನೆನಪಿನಿಂದ ಹೆಕ್ಕಬೇಕಾಗುತ್ತದೆ.

ಇನ್ನು ಅನುಮಾನದ ವಿಷಯ. ಹೊರರೋಗಿ ವಿಭಾಗದಲ್ಲಿ ನೂರು ಜ್ವರ ನೋಡುವ ವೈದ್ಯರಿಗೆ ಎಲ್ಲವನ್ನೂ ಅನುಮಾನಿಸಿ ಎನ್ನುವುದು ಸುಲಭ, ಪಾಲಿಸುವುದು ಅಸಾಧ್ಯ. ಮೂರು ಸಂದರ್ಭಗಳಲ್ಲಿ ಮಾತ್ರ ನಿಲ್ಲಿ ಎನ್ನುತ್ತೇನೆ: ಒಂದೇ ಮನೆ ಅಥವಾ ಒಂದೇ ಕೆಲಸದ ಜಾಗದಿಂದ ಎರಡನೆಯ ತೀವ್ರ ರೋಗಿ ಬಂದಾಗ, ಆರೋಗ್ಯ ಸಿಬ್ಬಂದಿಯೇ ಕಾರಣ ತಿಳಿಯದ ಕಾಯಿಲೆಯಿಂದ ಮಲಗಿದಾಗ, ಮತ್ತು ಆರೋಗ್ಯವಂತ ಯುವಕನ ಸ್ಥಿತಿ ನೋಡನೋಡುತ್ತ ಕೈಮೀರಿದಾಗ. ಇವುಗಳಲ್ಲಿ ಯಾವುದೊಂದು ಕಂಡರೂ ಸರ್ಕಾರದ ರೋಗ ಕಣ್ಗಾವಲಿನ ಐಎಚ್‌ಐಪಿ ಪೋರ್ಟಲಿನಲ್ಲಿ ಅನುಮಾನಿತ ರೋಗಿಗಳ ಪಿ ಫಾರಂ ತುಂಬಿಸಿ ಸುಮ್ಮನಿರದೆ, ಜಿಲ್ಲಾ ಕಣ್ಗಾವಲು ಅಧಿಕಾರಿಗೆ ನೀವೇ ಫೋನ್ ಮಾಡಿ. ಫಾರಂ ಅಂಕಿಯನ್ನು ಮುಟ್ಟಿಸುತ್ತದೆ, ನಿಮ್ಮ ದನಿಯಲ್ಲಿರುವ ಗಾಬರಿಯನ್ನು ಮುಟ್ಟಿಸುವುದಿಲ್ಲ.

ಮಾದರಿಗಳ ಬಗ್ಗೆಯೂ ಒಂದು ಮಾತು. ಮಲೆನಾಡಿನವರಿಗೆ ಮಂಗನ ಕಾಯಿಲೆ 1957ರಿಂದ ಪರಿಚಿತ. ಅದು ಉಣ್ಣಿಯಿಂದ ಬರುತ್ತದೆ, ರೋಗಿಯಿಂದ ಪಕ್ಕದವರಿಗೆ ಹರಡುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇದೆ. ಆದರೆ ಆ ವೈರಾಣು ಪ್ರಯೋಗಾಲಯದ ಕೆಲಸಗಾರರಿಗೆ ತಗುಲಿದ ಇತಿಹಾಸವಿದೆ. ಶಿವಮೊಗ್ಗಕ್ಕೋ ಪುಣೆಗೋ ಹೋಗುವ ಟ್ಯೂಬನ್ನು ಹತ್ತಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ತುರುಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದನ್ನು ನಾನೇ ನೋಡಿದ್ದೇನೆ. ಟ್ಯೂಬು, ಅದರ ಸುತ್ತ ಒಡೆದರೆ ಹೀರಿಕೊಳ್ಳುವ ಹತ್ತಿ, ಅದರ ಮೇಲೆ ಸೋರದ ಡಬ್ಬಿ, ಅದರ ಹೊರಗೆ ಐಸ್ ಪ್ಯಾಕ್ ಇರುವ ಗಟ್ಟಿ ಪೆಟ್ಟಿಗೆ, ಕಾಗದಪತ್ರ ಬೇರೆ ಕವರಿನಲ್ಲಿ: ಇಂಥ ಎರಡು ಪೆಟ್ಟಿಗೆ ಕಟ್ಟಿಟ್ಟುಕೊಂಡಿದ್ದರೆ ನಡುರಾತ್ರಿ ಬೇಕಾದಾಗ ಹುಡುಕಾಡಬೇಕಿಲ್ಲ.


ಜಂಬೊ ಸಿಲಿಂಡರ್

ಎಲ್ಲರೂ ಸೋಂಕು ತಡೆಯುವ ಮಾತಾಡುತ್ತಿದ್ದೀರಿ. ತಡೆಯಲಾಗದೆ ಐವತ್ತು ಮಂದಿ ಒಮ್ಮೆಗೇ ಬಂದರೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ನಾನು ಬಯೋಮೆಡಿಕಲ್ ಇಂಜಿನಿಯರ್. 2021ರ ಮೇ ತಿಂಗಳ ಮೊದಲ ವಾರವನ್ನು ಈ ರಾಜ್ಯದಲ್ಲಿ ಯಾರೂ ಮರೆತಿಲ್ಲ; ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡರು, ಆಮ್ಲಜನಕದ ಕೊರತೆಯ ವಿಷಯ ಹೈಕೋರ್ಟಿನವರೆಗೆ ಹೋಯಿತು. ಆಗ ನಾನು ಬೇರೆ ಜಿಲ್ಲೆಯಲ್ಲಿದ್ದೆ. ಆ ಸುದ್ದಿ ಕೇಳಿದ ರಾತ್ರಿ ಸಿಲಿಂಡರುಗಳನ್ನು ವಾರ್ಡಿನ ಪೈಪಿಗೆ ಜೋಡಿಸುವ ನಮ್ಮ ಮ್ಯಾನಿಫೋಲ್ಡ್ ಕೋಣೆಯಲ್ಲಿ ಸಿಲಿಂಡರುಗಳನ್ನು ಮೂರು ಸಲ ಎಣಿಸಿದೆ.

ಲೆಕ್ಕವನ್ನು ಪ್ರತಿ ವೈದ್ಯರೂ ಬಾಯಿಪಾಠ ಮಾಡಬೇಕು. ಒಂದು ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಕೊಟ್ಟರೆ ಗಂಟೆಗೆ 600, ದಿನಕ್ಕೆ 14,400 ಲೀಟರ್. ಅಂದರೆ ಒಬ್ಬನಿಗೆ ದಿನಕ್ಕೆ ಎರಡು ಸಿಲಿಂಡರಿಗಿಂತ ಸ್ವಲ್ಪ ಹೆಚ್ಚು. ಮೂಗಿಗೆ ಅತಿ ರಭಸದಲ್ಲಿ ಕೊಡುವ ಎಚ್‌ಎಫ್‌ಎನ್‌ಸಿ ಯಂತ್ರವನ್ನು ನಿಮಿಷಕ್ಕೆ 60 ಲೀಟರ್ ಶುದ್ಧ ಆಮ್ಲಜನಕಕ್ಕೆ ಇಟ್ಟರೆ ದಿನಕ್ಕೆ 86,400 ಲೀಟರ್, ಒಬ್ಬನಿಗೇ ಹನ್ನೆರಡು ಸಿಲಿಂಡರ್. ಯಾರೋ ದಾನಿಗಳು ಇಂಥ ಐದು ಯಂತ್ರ ಕೊಟ್ಟರೆಂದು ಹಾರ ಹಾಕಿ ಸ್ವೀಕರಿಸುವ ಮೊದಲು, ದಿನಕ್ಕೆ ಅರವತ್ತು ಸಿಲಿಂಡರ್ ಎಲ್ಲಿಂದ ಎಂದು ಕೇಳುವವರು ಒಬ್ಬರಾದರೂ ಇರಬೇಕು.

2021ರಲ್ಲಿ ಊರೂರಿಗೆ ಬಂದ ಪಿಎಸ್‌ಎ ಘಟಕಗಳು, ಗಾಳಿಯಿಂದ ಶೇ 93ರ ಆಸುಪಾಸಿನ ಆಮ್ಲಜನಕ ತೆಗೆಯುವಂಥವು, ಈಗ ಎಷ್ಟೋ ಕಡೆ ಶೆಡ್ಡಿನಲ್ಲಿ ಸುಮ್ಮನೆ ನಿಂತಿವೆ. ಅವುಗಳನ್ನು ಓಡಿಸದೆ ಇಟ್ಟರೆ ಗಾಳಿಯ ಸಾರಜನಕವನ್ನು ಹಿಡಿದಿಡುವ ಒಳಗಿನ ಜಿಯೋಲೈಟ್ ಹರಳು ತೇವ ಹೀರಿ ಹಾಳಾಗುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಿ ಶುದ್ಧತೆಯ ಮೀಟರು ಎಷ್ಟು ತೋರಿಸುತ್ತದೆಂದು ಬರೆದಿಡಿ. ಕರೆಂಟು ಹೋದಾಗ ಜನರೇಟರ್ ಆ ಹೊರೆ ಹೊರುತ್ತದೆಯೇ ಎಂಬುದನ್ನು, ವಾರ್ಡಿನ ದೀಪಗಳೂ ಉರಿಯುತ್ತಿರುವಾಗ, ನಿಜವಾಗಿ ಪರೀಕ್ಷಿಸಿ. ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚುತ್ತ ಪೈಪಿನ ಪ್ರತಿ ಸೇರುವೆಯನ್ನು ನೋಡಿಕೊಂಡು ಬಂದರೆ ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ. ಒಂದು ಆಸ್ಪತ್ರೆಯಲ್ಲಿ ಹೀಗೆ ನೋಡಿದಾಗ ಬಳಕೆಯಲ್ಲಿಲ್ಲದ ವಾರ್ಡಿನ ಎರಡು ಔಟ್‌ಲೆಟ್ಟುಗಳು ಹಗಲೂ ರಾತ್ರಿ ಬುಸುಗುಡುತ್ತಿದ್ದವು.

ಕೊನೆಗೆ ಸ್ಪ್ಯಾನರ್. ಸಿಲಿಂಡರ್ ಬದಲಾಯಿಸುವ ಸ್ಪ್ಯಾನರನ್ನು ಗೋಡೆಗೆ ಸರಪಳಿಯಿಂದ ಕಟ್ಟಿ. ಅದನ್ನು ಬಳಸಲು ಬರುವವರು ಮೂರೂ ಪಾಳಿಯಲ್ಲಿ ಒಬ್ಬೊಬ್ಬರಾದರೂ ಇರಲಿ.


ತಕ್ಕಡಿ

ಈ ಸ್ಪ್ಯಾನರ್ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ನಮ್ಮ ಜಿಲ್ಲೆಯ ಸಿದ್ಧತಾ ವರದಿಯ ನಲವತ್ತೆರಡು ಕಲಮುಗಳಲ್ಲಿ ಸ್ಪ್ಯಾನರ್ ಇರಲಿಲ್ಲ.


ಹೆಂಚಿನ ಮಾಡು

ನಾನು ವೈದ್ಯನಲ್ಲ, ಲೋಕೋಪಯೋಗಿ ಇಲಾಖೆಯಲ್ಲಿ ಆಸ್ಪತ್ರೆ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ಗಾಳಿಯ ವಿಷಯವನ್ನು ಯಾರೂ ಎತ್ತದ್ದರಿಂದ ಬರೆಯುತ್ತಿದ್ದೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರೇ ಹೊರಗೆ ಹರಡಿಕೊಂಡಿತು; ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದರ ಹಿಂದೆ ಆ ಭಯವಿತ್ತು. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ ಆ ಕಾಲದ್ದೇ. 2020ರಲ್ಲಿ ಅದೇ ಕೋವಿಡ್ ಆಸ್ಪತ್ರೆಯಾಯಿತು. ಆ ಕಾಲದ ಆಸ್ಪತ್ರೆಗಳನ್ನು ಕಟ್ಟಿದವರಿಗೆ ವೈರಾಣುವಿನ ಪರಿಚಯವಿರಲಿಲ್ಲ, ಆದರೆ ಎತ್ತರದ ಚಾವಣಿ, ಎದುರುಬದುರು ಕಿಟಕಿ ಗೊತ್ತಿತ್ತು. ನಮ್ಮ ಕಾಲದಲ್ಲಿ ಅವೇ ವಾರ್ಡುಗಳಿಗೆ ಫಾಲ್ಸ್ ಸೀಲಿಂಗ್ ಹಾಕಿ, ಕಿಟಕಿಗಳನ್ನು ಮೊಳೆ ಹೊಡೆದು ಮುಚ್ಚಿ, ಸ್ಪ್ಲಿಟ್ ಎ.ಸಿ. ಕೂರಿಸಿದೆವು. ಅದರ ಬಿಲ್ಲಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ.

ಗಾಳಿಯಿಂದ ಹರಡುವ ರೋಗಗಳ ಕೋಣೆಗೆ ಯಂತ್ರದಿಂದಾದರೆ ಗಂಟೆಗೆ 12 ಸಲ ಗಾಳಿ ಬದಲಾಗಬೇಕು. ಕಿಟಕಿಯನ್ನೇ ನೆಚ್ಚಿಕೊಂಡರೆ ಒಬ್ಬ ರೋಗಿಗೆ ಸೆಕೆಂಡಿಗೆ 160 ಲೀಟರ್ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ. ಒಳಗಿನ ಗಾಳಿ ಕಾರಿಡಾರಿಗೆ ಬಾರದಂತೆ ಮಾಡುವ ಋಣ ಒತ್ತಡದ ಕೊಠಡಿ ನಿಮಗೆ ಸಿಗುವುದು ದೂರದ ಮಾತು. ಆದರೆ ವಾರ್ಡಿನ ತುದಿಯಲ್ಲಿ, ಹೊರಗೆ ಜನ ಓಡಾಡದ ಬಯಲು ಇರುವ ಒಂದು ಕೋಣೆ ಆರಿಸಿ, ಹೊರಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಗಾಳಿ ಕಾರಿಡಾರಿನಿಂದ ಕೋಣೆಗೆ, ಕೋಣೆಯಿಂದ ಹೊರಕ್ಕೆ ಹರಿಯುತ್ತದೆ. ಹರಿಯುತ್ತಿದೆಯೇ ಎಂದು ತಿಳಿಯಲು ಯಂತ್ರ ಬೇಡ, ಊದುಬತ್ತಿ ಸಾಕು. ಬಾಗಿಲನ್ನು ಒಂದು ಅಂಗುಲ ತೆರೆದು, ಕೆಳಗೆ ಸಂದಿಯ ಬಳಿ ಹಚ್ಚಿದ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಕಾರಿಡಾರಿನ ಕಡೆ ಬಾಗಿದರೆ, ಎಷ್ಟೇ ಹೊಸ ಹಾಸಿಗೆ ಹಾಕಿದ್ದರೂ ಆ ಕೋಣೆ ಬೇಡ.


ಅಪ್ಪನ ಮಗಳು

ಇಲ್ಲಿ ಬರೆಯುವ ಅರ್ಹತೆ ನನಗಿದೆಯೋ ಇಲ್ಲವೋ ತಿಳಿಯದು. 2020ರಲ್ಲಿ ನನ್ನ ತಂದೆ ಹನ್ನೊಂದು ದಿನ ಒಂದು ಆಸ್ಪತ್ರೆಯಲ್ಲಿದ್ದರು. ಚಿಕಿತ್ಸೆಯ ಬಗ್ಗೆ ನನಗೆ ದೂರಿಲ್ಲ. ಆದರೆ ಆ ಹನ್ನೊಂದು ದಿನಗಳಲ್ಲಿ ಅವರು ಹೇಗಿದ್ದಾರೆಂದು ಹೇಳುವ ಒಬ್ಬ ಮನುಷ್ಯ ನಮಗೆ ಸಿಗಲಿಲ್ಲ. ಗೇಟಿನಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿದರೆ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ನಾಲ್ಕನೆಯ ದಿನ ನನ್ನ ತಮ್ಮ ಹಿಂಬದಿಯ ಕಾಂಪೌಂಡ್ ಹಾರಿ ಒಳಗೆ ಹೋದ, ವಾರ್ಡಿನ ಕಿಟಕಿಯಿಂದ ಅಪ್ಪನನ್ನು ಕರೆದು ಮಾತಾಡಿಸಿ ಬಂದ. ಅವನದು ತಪ್ಪು, ಒಪ್ಪುತ್ತೇನೆ. ಆದರೆ ಅಂದು ಹಾಗೆ ಹಾರಿದವನು ಅವನೊಬ್ಬನೇ ಆಗಿರಲಿಲ್ಲ.

ಮನೆಯವರನ್ನು ಹೊರಗಿಡಬೇಕಾದರೆ, ದಿನಕ್ಕೆ ಎರಡು ಸಲ ಗೊತ್ತಾದ ಹೊತ್ತಿಗೆ ಒಬ್ಬರು ಕರೆ ಮಾಡಿ "ಇವತ್ತು ಗಂಜಿ ಕುಡಿದರು, ಆಮ್ಲಜನಕ ಇಷ್ಟಿದೆ" ಎಂದು ಹೇಳುವ ವ್ಯವಸ್ಥೆಯನ್ನೂ ನಿಮ್ಮ ಸಿದ್ಧತೆಯ ಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಡಾಕ್ಟರೇ ಹೇಳಬೇಕೆಂದೇನಿಲ್ಲ.


ಬಿಳಿ ಏಪ್ರನ್

ತಂಗೀ, ಬರೆಯುವ ಅರ್ಹತೆ ನಿಮಗೇ ಹೆಚ್ಚು. ಆ ದಿನಗಳಲ್ಲಿ ನಮ್ಮ ವಾರ್ಡಿನಲ್ಲೂ ಫೋನು ರಿಂಗಾಗುತ್ತಲೇ ಇರುತ್ತಿತ್ತು. ಗ್ಲೌಸ್ ಹಾಕಿದ ಕೈಯಿಂದ ಎತ್ತುವಂತಿರಲಿಲ್ಲ. ಫೋನು ವಾರ್ಡಿನ ಹೊರಗಿರಬೇಕಿತ್ತು, ಅದನ್ನು ಎತ್ತಲು ಒಬ್ಬರನ್ನು ಕೂರಿಸಬೇಕಿತ್ತು. ಇಷ್ಟು ಸಣ್ಣ ಸಂಗತಿ ನಮಗೆ ಹೊಳೆದದ್ದು ಬಹಳ ತಡವಾಗಿ.


ಹೊಳೆಸಾಲು

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರದಲ್ಲಿ ಆದದ್ದು, ಆಗದೇ ಹೋದದ್ದು ಎರಡನ್ನೂ ತಿಳಿಸುತ್ತೇನೆ.

ಚೀಟಿ ಕೌಂಟರಿನ ಪಕ್ಕಕ್ಕೆ, ಪೋರ್ಟಿಕೋದ ಹೊರಗೆ ಬೇವಿನ ಮರದಡಿ, ಎರಡು ಬೆಂಚು ಹಾಕಿದ್ದೇವೆ. ಕೆಮ್ಮು ಜ್ವರ ಎರಡೂ ಇದೆಯೇ, ಮೈಮೇಲೆ ಗುಳ್ಳೆ ಇದೆಯೇ, ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಆಗಿದೆಯೇ ಎಂದು ಸಾಲಿನಲ್ಲಿರುವವರನ್ನು ಕೇಳಿ, ಮಾಸ್ಕ್ ಕೊಟ್ಟು ಅಲ್ಲಿಗೆ ಕಳಿಸುವ ಕೆಲಸವನ್ನು ಆ ಡಿ ಗ್ರೂಪಿನ ಹೆಂಗಸಿಗೇ ಒಪ್ಪಿಸಿದೆ. ಮೊದಲ ದಿನ ಜನ "ನಮಗೇನು ದೊಡ್ಡರೋಗ ಬಂದಿದೆಯಾ" ಎಂದು ಜಗಳಕ್ಕೆ ನಿಂತರು. ಮರದಡಿ ಕೂತವರನ್ನು ಮೊದಲು ನೋಡಲಾಗುವುದೆಂದು ಹೇಳಿದ ಮೇಲೆ, ಕೆಮ್ಮಿಲ್ಲದವರೂ ಕೆಮ್ಮತೊಡಗಿದ್ದಾರೆ. ಅದಕ್ಕೆ ಪರಿಹಾರ ಇನ್ನೂ ಸಿಕ್ಕಿಲ್ಲ.

ಕುಂಕುಮದ ಅಭ್ಯಾಸದಲ್ಲಿ ನನ್ನ ಎಡಗಿವಿಯ ಹಿಂದೆ ಕೆಂಪು ಕಂಡಿತು. ಊದುಬತ್ತಿ ಹಿಡಿದಾಗ ನಮ್ಮ ಐಸೊಲೇಷನ್ ಕೊಠಡಿಯ ಹೊಗೆ ನೇರವಾಗಿ ಹೆರಿಗೆ ವಾರ್ಡಿನ ಕಡೆಗೆ ಹೋಯಿತು. ಆ ಕೊಠಡಿಯನ್ನು ಸ್ಟೋರ್ ಮಾಡಿ, ಸ್ಟೋರಿದ್ದ ತುದಿಯ ಕೋಣೆಗೆ ಫ್ಯಾನ್ ಕೂರಿಸಲು ರಕ್ಷಾ ಸಮಿತಿಯಿಂದ ಒಪ್ಪಿಗೆ ಪಡೆದಿದ್ದೇವೆ. ಪಿಎಸ್‌ಎ ಘಟಕವನ್ನು ಎಂಟು ತಿಂಗಳ ನಂತರ ಓಡಿಸಿದಾಗ ಶುದ್ಧತೆ ಶೇ 81 ತೋರಿಸಿತು, ದುರಸ್ತಿಗೆ ಬರೆದಿದ್ದೇನೆ. ಜೊತೆಗಿರುವವರ ಪುಸ್ತಕ ಮಹಿಳಾ ವಾರ್ಡಿನಲ್ಲಿ ನಡೆಯುತ್ತಿದೆ, ಪುರುಷರ ವಾರ್ಡಿನಲ್ಲಿ ನಾಲ್ಕನೆಯ ದಿನಕ್ಕೆ ನಿಂತಿದೆ. ಹೊರಗುತ್ತಿಗೆಯ ಹನ್ನೊಂದು ಮಂದಿಯಲ್ಲಿ ಹೆಪಟೈಟಿಸ್-ಬಿ ಲಸಿಕೆ ಪೂರ್ತಿಯಾಗಿದ್ದವರು ಇಬ್ಬರು. ಉಳಿದವರಿಗೆ ಮೊದಲ ಡೋಸ್ ಮೊನ್ನೆ ಕೊಟ್ಟೆವು.

ಮುಂದಿನ ಅಣಕು ಕಾರ್ಯಾಚರಣೆಯ ದಿನ ಮತ್ತು ಹೊತ್ತು ಆಡಳಿತ ವೈದ್ಯಾಧಿಕಾರಿಗೂ ನನಗೂ ಮಾತ್ರ ಗೊತ್ತಿರುತ್ತದೆ. ಪಕ್ಕದ ತಾಲ್ಲೂಕಿನ ಒಬ್ಬ ಹುಡುಗ ಸಂತೆಯ ದಿನ ಆಟೋದಲ್ಲಿ ಬಂದು ಚೀಟಿ ಸಾಲಿನಲ್ಲಿ ನಿಲ್ಲುತ್ತಾನೆ. ಅವನ ಚಪ್ಪಲಿಗೆ ಸೀಮೆಸುಣ್ಣದ ಪುಡಿ ಹಚ್ಚಿ ಕಳಿಸುವುದೆಂದು ತೀರ್ಮಾನಿಸಿದ್ದೇವೆ.